ನೀರು ಕೊಟ್ಟ ಮೇಲೆ ಕೇಳುವ ಪ್ರಶ್ನೆ

ಕಡಲಿಗೆ ಬೆನ್ನು ಕೊಟ್ಟು ಕೂತ ಊರೊಂದಿತ್ತು. ಅಲ್ಲಿ ಕದ್ದ ಮೀನಿಗೆ ದಂಡ ಇತ್ತು, ಕದ್ದ ಬಲೆಗೆ ದಂಡ ಇತ್ತು, ಓಡಿಸಿಕೊಂಡು ಹೋದ ಹೆಣ್ಣಿಗೂ ನಾಲ್ಕು ಜನ ಕೂತು ಏನೋ ಒಂದು ರಾಜಿ ಮಾಡಿಸುತ್ತಿದ್ದರು. ಕದ್ದ ಮಾತಿಗೆ ಮಾತ್ರ ರಾಜಿ ಇರಲಿಲ್ಲ. ಆ ಊರಿನ ಮಾತನ್ನು ಆಡುವವನು ಯಾರೇ ಆಗಲಿ, ಅದನ್ನು ತನಗೆ ಕಲಿಸಿದವರ ಹೆಸರು ಹೇಳಬೇಕು. ಹೇಳದೆ ಆಡಿದರೆ ಅದು ಕಳವು. ಊರಿನ ಕಟ್ಟಳೆ ಅಷ್ಟೇ, ಆದರೆ ಆ ಒಂದು ಕಟ್ಟಳೆಯ ಮೇಲೆ ಇಡೀ ಊರು ನಿಂತಿತ್ತು.

ಮಗುವಿಗೆ ಮಾತು ಬಂದ ವರ್ಷ ಅದನ್ನು ಕಡಲ ದಂಡೆಗೆ ಕರೆದುಕೊಂಡು ಹೋಗುತ್ತಿದ್ದರು. ಮುಷ್ಟಿಯಲ್ಲಿ ಹಿಡಿಯುವಂಥ ಒಂದು ಕಲ್ಲನ್ನು ಅದೇ ಆರಿಸಿಕೊಳ್ಳಬೇಕು. ಕಲ್ಲು ಹಿಡಿದು ಊರ ಗೋಡೆಯಲ್ಲಿದ್ದ ಕಡಲ ಬಾಗಿಲಿಗೆ ಬಂದರೆ ಅಲ್ಲಿ ಕೇಳುವವಳು ಕೂತಿರುತ್ತಾಳೆ. ಅವಳು ಮೊದಲು ನೀರು ಕೊಡುತ್ತಾಳೆ. ಮಗು ಕುಡಿದು ಬಾಯಿ ಒರೆಸಿಕೊಂಡ ಮೇಲೆ ಕೇಳುತ್ತಾಳೆ: 'ನಿನ್ನ ನಾಲಿಗೆ ತಿದ್ದಿದವರು ಯಾರು?' ಮಗು ಹೆಸರು ಹೇಳುತ್ತದೆ. ಆಗ ಅದರ ಕಲ್ಲನ್ನು ಊರ ಗೋಡೆಗೆ ಸೇರಿಸುತ್ತಾರೆ. ಅಂದಿನಿಂದ ಅದರ ಮಾತು ಅದರದ್ದು. ಸತ್ತ ದಿನ ಆ ಕಲ್ಲನ್ನು ತೆಗೆದು ಕಡಲಿಗೆ ಕೊಡುತ್ತಾರೆ.

ಹೊರಗಿನವರಿಗೂ ಇದೇ ಕ್ರಮ. ಉಪ್ಪು ಕೊಳ್ಳಲು ಬರುವವರು ಬುದ್ಧಿವಂತರು, ಕೈಸನ್ನೆಯಲ್ಲೇ ವ್ಯಾಪಾರ ಮುಗಿಸಿ ಹೊರಟುಬಿಡುತ್ತಿದ್ದರು. ಯಾರಾದರೂ ಊರಿನ ಮಾತಲ್ಲೇ ಬಾಯಿ ತೆರೆದರೆ ನೀರು ಕೊಡುತ್ತಾರೆ, ಕೇಳುತ್ತಾರೆ, ಅವನು ಹೇಳಿದ ಹೆಸರಿನ ಮನೆಯವರು ಬಂದು ಅವನ ಹೆಗಲ ಮೇಲೆ ಕೈ ಇಡುತ್ತಾರೆ. ಕೈ ಇಟ್ಟರೆ ಅವನು ಆ ಮನೆಯ ನೆಂಟ, ಅವನ ಮಾತು ಆ ಮನೆಯ ಮಾತು. ಹೆಸರು ಬಾರದಿದ್ದರೆ, ಕೈ ಬೀಳದಿದ್ದರೆ, ಊರಿನವರು ಒಬ್ಬೊಬ್ಬರಾಗಿ ಗೋಡೆಯ ಹತ್ತಿರ ಹೋಗಿ ತಮ್ಮ ತಮ್ಮ ಕಲ್ಲನ್ನು ತೆಗೆದುಕೊಳ್ಳುತ್ತಾರೆ. ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲ ಬಾಗಿಲಿನ ಆಚೆ ಒಂದು ಕಲ್ಲುಗುಡ್ಡೆ ಇತ್ತು, ಜನ ಅದನ್ನು ಸುತ್ತು ಬಳಸಿ ನಡೆಯುತ್ತಿದ್ದರು. ಎಸೆದ ಕಲ್ಲು ಮತ್ತೆ ಗೋಡೆಗೆ ಸೇರುವುದಿಲ್ಲ. ಎಸೆದವನ ಬಾಯಿಯೂ ಅಂದಿಗೆ ಮುಚ್ಚಿತು. ಅವನು ಹೊಸ ಕಲ್ಲು ಹಿಡಿದು ಮಗುವಿನ ಹಾಗೆ ಕೇಳುವವಳ ಮುಂದೆ ನಿಲ್ಲಬೇಕು, ನೀರು ಕುಡಿಯಬೇಕು, ಅವಳು ಕೇಳಬೇಕು, ಇವನು ಹೇಳಬೇಕು. ಅಲ್ಲಿಯವರೆಗೆ ಕೆಮ್ಮುವುದಕ್ಕೂ ಹೆದರುತ್ತಾನೆ.

ಆ ಕಾಲದಲ್ಲಿ ಕೇಳುವವಳಾಗಿದ್ದವಳು ಹರೆಯ ದಾಟಿದ ಹೆಂಗಸು. ಅವಳ ತಾಯಿಯೂ ಕೇಳುವವಳೇ. ತಾಯಿ ಹಗಲೆಲ್ಲ ಬಾಗಿಲಲ್ಲಿ ಕೂತಿರುತ್ತಿದ್ದುದರಿಂದ ಮನೆಯಲ್ಲಿ ತಮ್ಮನಿಗೆ ಮಾತು ಕಲಿಸಿದವಳು ಇವಳು. ಆ ಹುಡುಗ ಕಲ್ಲು ಹಿಡಿದು ಬಂದಾಗ ತಾಯಿಯ ಪ್ರಶ್ನೆಗೆ ತಾಯಿಯ ಹೆಸರು ಹೇಳಲಿಲ್ಲ, 'ಅಕ್ಕ' ಅಂದ. ತಾಯಿ ನಕ್ಕಳಂತೆ, ಆಮೇಲೆ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದಳಂತೆ. ಅವನೇ ದೊಡ್ಡವನಾಗಿ ಒಂದು ಬೆಳಿಗ್ಗೆ ಬಲೆ ಹೊತ್ತು ಹೋದವನು ಬರಲಿಲ್ಲ. ಆಳುಗಳನ್ನು ಹಿಡಿದು ಮಾರುವ ದೋಣಿ ಆ ಕಡೆ ಸುಳಿದಿತ್ತು ಅಂತ ಯಾರೋ ಹೇಳಿದರು. ದಿಗಂತದಲ್ಲಿ ಮರೆಯಾದವರ ಹೆಸರನ್ನು, ಬದುಕಿದರೋ ಸತ್ತರೋ ಗೊತ್ತಾಗುವವರೆಗೆ, ಯಾರೂ ಎತ್ತುವ ಹಾಗಿರಲಿಲ್ಲ. ಅವನ ಕಲ್ಲು ಗೋಡೆಯಲ್ಲಿ ಅವಳ ಕಲ್ಲಿನ ಪಕ್ಕದಲ್ಲಿ ಉಳಿಯಿತು, ಹೆಸರು ಅವಳ ಬಾಯಲ್ಲಿ ಉಳಿಯಿತು. ಆಡಲಾಗದ ಹೆಸರನ್ನು ಬಾಯಲ್ಲಿಟ್ಟುಕೊಂಡು ಊರಿಗೆಲ್ಲ ಹೆಸರು ಕೇಳುವುದು ಅವಳ ಕೆಲಸವಾಯಿತು.

ಒಂದು ಬೆಳಿಗ್ಗೆ ಹಡಗೊಂದು ಬಂದು ನಿಂತಿತು. ಅದರಿಂದ ಒಬ್ಬನೇ ಇಳಿದ. ಎತ್ತರದ ಆಳು, ಬಿಳಿ ಗಡ್ಡ, ಬರಿಗಾಲು, ಮೈಮೇಲೆ ಕಂಬಳಿಯಂಥ ಒರಟು ಬಟ್ಟೆ. ಎದೆಗೆ ಅವಚಿಕೊಂಡಿದ್ದುದು ಒಂದರೊಳಗೊಂದು ಕೂತ ಮೂರು ತಾಮ್ರದ ಚಕ್ರಗಳನ್ನು. ಅವುಗಳ ಅಂಚಿಗೆಲ್ಲ ಏನೇನೋ ಗುರುತು ಕೊರೆದಿತ್ತು. ನಡೆದರೆ ಚಕ್ರಗಳು ತಮ್ಮಷ್ಟಕ್ಕೆ ಕಿರುಗುಟ್ಟುತ್ತಿದ್ದವು. ಊರಿನವರು ಅವನನ್ನು ಚಕ್ರದವನು ಅಂತಲೇ ಕರೆದರು.

ಅವಳು ನೀರು ಕೊಟ್ಟಳು. ಅವನು ಗಟಗಟನೆ ಕುಡಿದ. ತಳದಲ್ಲಿ ಉಳಿದ ಒಂದು ಹನಿಯನ್ನು ಬೆರಳಿಗೆ ತಗೊಂಡು ನೆಲಕ್ಕೆ ಚಿಮುಕಿಸಿ, 'ಬಾವಿ ಬತ್ತದಿರಲಿ, ಕೊಟ್ಟ ಕೈ ನಡುಗದಿರಲಿ' ಅಂದ.

ಆ ಹರಕೆ ಊರಿನದಲ್ಲ. ಅದನ್ನು ಕಟ್ಟಿದವಳು ಅವಳ ತಾಯಿ. ಇಡೀ ಊರಿನಲ್ಲಿ ಅದನ್ನು ಹೇಳುತ್ತಿದ್ದುದು ಅವರ ಮನೆಯವರು ಮಾತ್ರ. 'ಇವರಿಗೆ ನೀರು ಗಂಟಲಲ್ಲಿ ಇಳೀಬೇಕಾದರೂ ಪೂಜೆ ಆಗಬೇಕು' ಅಂತ ನೆರೆಯವರು ಮೂಗು ಮುರಿಯುತ್ತಿದ್ದರು. ಹರಕೆ ಮಾತ್ರವಲ್ಲ, ದನಿಯ ಏರಿಳಿತ, ಕೊನೆಯಲ್ಲಿ ಉಸಿರು ಬಿಡುವ ರೀತಿ, ಎಲ್ಲವೂ ಅವನದೇ. ಮುಖ ಬೇರೆ ಯಾರದೋ, ಬಾಯೊಳಗಿದ್ದವನು ಅವಳ ತಮ್ಮ.

ಆದರೂ ಕೇಳಿದಳು. 'ನಿನ್ನ ನಾಲಿಗೆ ತಿದ್ದಿದವರು ಯಾರು?'

'ಒಬ್ಬ ಆಳು, ಅಕ್ಕಾ. ನಾನು ಸಂತೆಯಲ್ಲಿ ಕೊಂಡವನು. ವರ್ಷಗಟ್ಟಲೆ ನನ್ನ ಮನೇಲಿದ್ದ. ಈ ಊರಿನವನೇ ಅಂತ ಕಾಣ್ತದೆ.'

'ಹೆಸರು?'

ಅವನು ಚಕ್ರಗಳನ್ನು ನೋಡಿಕೊಂಡ. 'ಕೇಳಲಿಲ್ಲ. ಕರೆಯೋದಕ್ಕೆ ನಾನೇ ಒಂದು ಇಟ್ಟುಕೊಂಡಿದ್ದೆ.'

ಗೋಡೆಯ ಕಾವಲಿಗಿದ್ದ ಹಿರಿಯ ಇದನ್ನು ಕೇಳಿಸಿಕೊಂಡ. ಕೇಳಿಸಿಕೊಂಡವರು ಇನ್ನೂ ಇದ್ದರು. ಗೋಡೆಯ ಕಡೆಯಿಂದ ಕಲ್ಲಿಗೆ ಕಲ್ಲು ಉಜ್ಜುವ ಸದ್ದು ಬಂತು. ಆ ಸದ್ದನ್ನು ಅವಳು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು. ಎದ್ದು ನಿಂತು ಚಕ್ರದವನ ಹೆಗಲ ಮೇಲೆ ಕೈ ಇಟ್ಟಳು.

'ಈ ಮಾತು ನಮ್ಮ ಮನೇದು' ಅಂದಳು.

'ಹೆಸರು ಅವನ ಬಾಯಿಂದ ಬರಬೇಕಲ್ಲ ತಾಯೀ' ಅಂದ ಹಿರಿಯ.

'ಬರ್ತದೆ. ಅವನು ನನ್ನ ಕೇಳ್ತಾನೆ, ಆಮೇಲೆ ಹೇಳ್ತಾನೆ. ಅಲ್ಲೀವರೆಗೆ ನನ್ನ ಕೈ ಇದೆ.'

'ಕೈ ಇರೋವರೆಗೆ ಅವನು ಆಡಿದ್ದೆಲ್ಲ ನೀನು ಆಡಿದ ಹಾಗೆ. ನೆನಪಿಟ್ಟುಕೋ.' ಹಿರಿಯ ತನ್ನ ಕಲ್ಲನ್ನು ಗೋಡೆಯೊಳಕ್ಕೆ ತಳ್ಳಿದ. ಪೂರ್ತಿ ತಳ್ಳಲಿಲ್ಲ.

ಹೀಗೆ ಚಕ್ರದವನು ಅವಳ ಮನೆಯವನಾದ. ದಿನಾ ಬೆಳಿಗ್ಗೆ ಊರ ಗೋಡೆಯ ಎದುರಿನ ಕಟ್ಟೆ ಹತ್ತುತ್ತಿದ್ದ. ಅವಳು ಪಕ್ಕದಲ್ಲಿ ಹೆಗಲ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಅವನು ಚಕ್ರ ತಿರುಗಿಸುತ್ತಿದ್ದ. ಒಂದು ಚಕ್ರದಲ್ಲಿ ಒಳಿತು, ಹಿರಿಮೆ, ಬಲ. ಇನ್ನೊಂದರಲ್ಲಿ ಅರಿವು, ಒಲವು, ನಿಜ. ನಡುವಿನದರಲ್ಲಿ ಯಾಕೆ, ಎಲ್ಲಿ, ಎಷ್ಟು, ಹೇಗೆ. ಯಾವುದಕ್ಕೆ ಯಾವುದು ಎದುರಾದರೂ ಒಂದು ಉತ್ತರ ಹುಟ್ಟುತ್ತದೆ, ದೇವರ ಬಗ್ಗೆ ಮನುಷ್ಯ ಕೇಳಬಹುದಾದ್ದೆಲ್ಲ ಇದರೊಳಗಿದೆ ಅನ್ನುತ್ತಿದ್ದ. 'ನಿಮ್ಮ ದೇವರು ದೊಡ್ಡವನು ಅಂತೀರಿ. ಒಲವು ಸೇರದ ಹಿರಿಮೆ ಎಂಥ ಹಿರಿಮೆ? ನೀವೇ ಹೇಳಿ' ಅನ್ನುತ್ತಿದ್ದ.

ಅವನು ಕೂಗಾಡಿದ್ದರೆ ಜನ ನಗುತ್ತಿದ್ದರು. ಅವನು ಕೂಗಾಡುತ್ತಿರಲಿಲ್ಲ. ಅವರದೇ ಕೇರಿಯ ಹುಡುಗನ ಸಲಿಗೆಯಲ್ಲಿ, ಅವರದೇ ಒಲೆಯ ಮುಂದಿನ ಮಾತಿನಲ್ಲಿ, ಅವರ ದೇವರನ್ನು ಒಂದೊಂದೇ ಎಳೆಯಾಗಿ ಬಿಚ್ಚುತ್ತಿದ್ದ. ಆಡಿದಷ್ಟೇ ಮೆಲ್ಲಗೆ ಆ ಮಾತು ಜನರ ಒಳಗೆ ಇಳಿಯಿತು. ಉಪ್ಪಿನ ಗದ್ದೆಯವನೊಬ್ಬ ಸಂಜೆಯ ಪ್ರಾರ್ಥನೆ ಬಿಟ್ಟ. ಅವನ ಹೆಂಡತಿ ಅವನಿಗೆ ಒಲೆ ಹಚ್ಚುವುದು ಬಿಟ್ಟಳು. ಅಣ್ಣತಮ್ಮಂದಿರು ಒಂದೇ ದೋಣಿಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತು ಹೋಗತೊಡಗಿದರು.

ಅವಳ ಹೊಸ್ತಿಲ ಮೇಲೆ ಒಂದು ಬೆಳಿಗ್ಗೆ ಸಣ್ಣ ಕಲ್ಲು ಸಿಕ್ಕಿತು. ಕಾಲಲ್ಲಿ ತಳ್ಳಿದಳು. ಮರುದಿನ ಇನ್ನೊಂದು. ಬರಬರುತ್ತ ತಳ್ಳಲಾಗದಷ್ಟಾಗಿ, ಸೀರೆ ಎತ್ತಿ ಹಿಡಿದು ದಾಟುವ ಹಾಗಾಯಿತು. ಯಾರಿಟ್ಟರು ಅಂತ ಅವಳು ಕೇಳಲಿಲ್ಲ. ಕೇಳುವುದೇ ಕಸುಬಾದವಳು ಆ ದಿನಗಳಲ್ಲಿ ಏನನ್ನೂ ಕೇಳುತ್ತಿರಲಿಲ್ಲ.

ಯಾಕೆಂದರೆ ಸಂಜೆಗಳು ಅವಳವಾಗಿದ್ದವು. ಗಂಜಿ ಬಡಿಸಿಕೊಂಡು ಅವನು ತನ್ನ ಬದುಕಿನ ಕತೆ ಹೇಳುತ್ತಿದ್ದ. ಅರಸನ ಮನೆಯಲ್ಲಿದ್ದನಂತೆ, ಪರರ ಹೆಂಡಿರ ಮೇಲೆ ಹಾಡು ಕಟ್ಟುತ್ತಿದ್ದನಂತೆ. ಒಂದು ದಿನ ಹಾಡಿನ ಅರ್ಧದಲ್ಲಿ ತಲೆಯೆತ್ತಿದರೆ ಮರಕ್ಕೆ ಜಡಿದ ತನ್ನ ದೇವರು ಎದುರಿಗೆ ನಿಂತು ನೋಡುತ್ತಿದ್ದನಂತೆ. ಹಾಡು ಬದಲಿಸಿದರೂ ಬಂದ, ಕೋಣೆ ಬದಲಿಸಿದರೂ ಬಂದ. ಕಡೆಗೆ ಹೆಂಡತಿ, ಮಕ್ಕಳು, ಹಾಡು, ಮನೆ ಎಲ್ಲ ಬಿಟ್ಟು ಕಂಬಳಿ ಹೊದ್ದನಂತೆ. ಕಡಲಾಚೆಯವರಿಗೆ ಅವರ ಮಾತಲ್ಲೇ ಆ ದೇವರನ್ನು ತಲುಪಿಸುತ್ತೇನೆ, ಅದರಲ್ಲಿ ಸತ್ತರೆ ಸಾಯುತ್ತೇನೆ ಅಂತ ಪಣ ತೊಟ್ಟನಂತೆ. ಹೇಳುವಾಗ ಕಣ್ಣಲ್ಲಿ ನೀರಾಡುತ್ತಿತ್ತು. ಆ ನೀರು ಸುಳ್ಳಲ್ಲ.

ಅವಳು ಕತೆ ಕೇಳುತ್ತಿರಲಿಲ್ಲ, ದನಿ ಕೇಳುತ್ತಿದ್ದಳು. ತಮ್ಮನಿಗೆ ಊಟದಲ್ಲಿ ಉಪ್ಪು ಜಾಸ್ತಿಯಾದರೆ ಆಗುತ್ತಿರಲಿಲ್ಲ. ಅದಕ್ಕೇ ಬೇಕೆಂದೇ ಒಂದು ಹಿಡಿ ಹೆಚ್ಚಿಗೆ ಹಾಕುತ್ತಿದ್ದಳು. ಚಕ್ರದವನು ಒಂದು ತುತ್ತಿಗೇ ಮುಖ ಹಿಂಡಿ, ತಮ್ಮ ಅನ್ನುತ್ತಿದ್ದ ಹಾಗೆಯೇ, 'ಕಡಲನ್ನೇ ಮಗುಚಿದ್ದೀಯಾ ಅಕ್ಕಾ?' ಅನ್ನುತ್ತಿದ್ದ. ಅಷ್ಟು ಸಾಕಿತ್ತು ಅವಳಿಗೆ. ಒಲೆಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮರುದಿನ ಮತ್ತೆ ಉಪ್ಪು. ಆ ದನಿಯನ್ನು ಬಿಟ್ಟರೆ ಅವಳಿಗೆ ತಮ್ಮನದು ಅಂತ ಉಳಿದದ್ದು ಗೋಡೆಯಲ್ಲೊಂದು ಕಲ್ಲು ಮಾತ್ರ.

ಆದರೆ ಚಕ್ರದವನು ಆ ಹೆಸರು ಕೇಳಲಿಲ್ಲ. ಇಂದು ಕೇಳುತ್ತಾನೆ, ನಾಳೆ ಕೇಳುತ್ತಾನೆ ಅಂತ ಅವಳು ಕಾದದ್ದೇ ಬಂತು. ದೇವರ ಹಿರಿಮೆಗೆ ಎಷ್ಟು ಮುಖ ಅಂತ ಕೇಳುತ್ತಿದ್ದ, ಊರ ಬಾವಿ ಎಷ್ಟು ಆಳ ಅಂತಲೂ ಕೇಳುತ್ತಿದ್ದ.

ಒಂದು ದಿನ ಹಿರಿಯ ಹೊಸ್ತಿಲ ಕಲ್ಲುಗಳ ಆಚೆಯೇ ನಿಂತು ಹೇಳಿದ, 'ಊರಿಗೆಲ್ಲ ಕೇಳುವವಳು ನೀನು. ನಿನ್ನ ತಮ್ಮ ಎಲ್ಲಿ ಅಂತ ಈ ಮನುಷ್ಯನನ್ನ ಕೇಳಿದ್ಯಾ?'

ಅವಳು ಬಾಗಿಲು ಹಾಕಿಕೊಂಡಳು. ಉತ್ತರ ಗೊತ್ತಿದ್ದವರು ಮಾತ್ರ ಅಷ್ಟು ಹೆದರುತ್ತಾರೆ.

ಆ ಮಧ್ಯಾಹ್ನ ಅವನು ಬೂದಿಯಲ್ಲಿ ಚಕ್ರ ತಿಕ್ಕುತ್ತ ಕೂತಿದ್ದ. ಅವಳು ನೀರು ತಂದು ಕೊಟ್ಟಳು. ಅವನು ಕುಡಿದು, ಹನಿ ಚಿಮುಕಿಸಿ, ಹರಕೆ ಹೇಳಿದ. ಆಮೇಲೆ ಅವಳು ಕೇಳಿದಳು.

'ಅವನು ಎಲ್ಲಿ?'

ಚಕ್ರದವನು ತಿಕ್ಕುವುದನ್ನು ನಿಲ್ಲಿಸಿದ. 'ಸತ್ತ, ಅಕ್ಕಾ.'

'ಹೇಗೆ?'

'ಕಲಿಸುವಾಗ ನಗ್ತಾ ಇದ್ದ. ನನ್ನ ನಾಲಿಗೆ ಹೊರಳದಿದ್ದರೆ ಗಲ್ಲ ಹಿಡಿದು ತಿದ್ತಿದ್ದ. ಎಲ್ಲ ಕಲಿತಾದ ಮೇಲೆ ಒಂದು ದಿನ ಕೇಳಿದ, ಇಷ್ಟು ಕಲಿತು ಏನು ಮಾಡ್ತೀ ಅಂತ. ನಿಮ್ಮೂರಿಗೆ ಹೋಗ್ತೇನೆ, ನಿಮ್ಮ ದೇವರು ತಪ್ಪು ಅಂತ ನಿಮ್ಮ ಮಾತಲ್ಲೇ ತೋರಿಸ್ತೇನೆ ಅಂದೆ. ಕೇಳಿ ನಗು ನಿಲ್ಲಿಸಿದ. ಆಮೇಲೆ ನನ್ನ ದೇವರನ್ನು ಬಾಯಿಗೆ ಬಂದ ಹಾಗೆ ಬೈದ. ನಾನು ಹೊಡೆದೆ.'

'ಎಲ್ಲಿಗೆ?'

'ಬಾಯಿಗೆ.'

ಅವನೇ ಮುಂದುವರಿಸಿದ.

'ಚೂರಿ ಹಿಡಿದು ಬಂದ. ನನ್ನ ಮಾತು ನನಗೆ ವಾಪಸ್ ಕೊಡು, ನನ್ನ ಮಾತು ನನಗೆ ವಾಪಸ್ ಕೊಡು, ಅದೊಂದನ್ನೇ ಕೂಗ್ತಾ ಇದ್ದ. ಹಿಡಿದು ಹಗ್ಗದಲ್ಲಿ ಕಟ್ಟಿ ಕತ್ತಲೆ ಕೋಣೇಲಿ ಹಾಕಿದೆ. ಕೊಲ್ಲಿಸೋದಾ, ಬಿಡೋದಾ, ತಿಳೀಲಿಲ್ಲ. ಬಿಟ್ಟರೆ ನನ್ನ ಕೊಲ್ತಾನೆ. ಕೊಂದರೆ, ಅವನು ನನ್ನ ಗುರು. ಚಕ್ರ ತಿರುಗಿಸಿದೆ, ಅದು ಏನೂ ಹೇಳಲಿಲ್ಲ. ಗುಡ್ಡ ಹತ್ತಿ ದೇವರನ್ನು ಬೇಡಿಕೊಂಡೆ. ಇಳಿದು ಬಂದು ಬಾಗಿಲು ತೆಗೆದರೆ, ಕಟ್ಟಿದ್ದ ಹಗ್ಗದಲ್ಲೇ ನೇತಾಡ್ತಾ ಇದ್ದ.'

'ನೀನೇನು ಮಾಡಿದಿ?'

'ಕೈ ಮುಗಿದೆ.' ಅವನು ಅಳುತ್ತಿದ್ದ. 'ನನ್ನ ಕೈಗೆ ರಕ್ತ ಅಂಟಿಸದೆ ದೇವರು ನನ್ನ ಸಂಕಟ ಕಳೆದ ಅಂತ ಕೈ ಮುಗಿದೆ.'

ತಮ್ಮ ಸತ್ತ ಸುದ್ದಿಯನ್ನು ಅವಳಿಗೆ ಹೇಳಿದ್ದು ತಮ್ಮನ ದನಿಯೇ. ಅದೇ ಏರಿಳಿತ, ಕೊನೆಯಲ್ಲಿ ಅದೇ ಉಸಿರು. ಇಂಥದ್ದು ಯಾವ ಅಕ್ಕನಿಗೂ ಬರಬಾರದು. ಅವಳು ನೆಲ ನೋಡುತ್ತ ಕಾದಳು. ಈಗಲಾದರೂ ಕೇಳುತ್ತಾನೆ ಅಂತ ಕಾದಳು. ಅವನು ಕಣ್ಣೊರೆಸಿಕೊಂಡು, ಒಂದು ಚಿಟಿಕೆ ಬೂದಿ ತೆಗೆದುಕೊಂಡು ಮತ್ತೆ ಚಕ್ರ ತಿಕ್ಕತೊಡಗಿದ.

'ಬಂದರಲ್ಲಿ ಹಡಗಿದೆ. ನಾಳೆ ಹೊರಟುಬಿಡು' ಅಂದಳು. 'ಇಲ್ಲಾಂದರೆ ಈ ಮನೇಲೇ ಇದ್ದುಬಿಡು. ಉಪ್ಪು ಜಾಸ್ತಿ ಆಯ್ತು ಅಂತ ನನ್ನ ಬೈಕೊಂಡು ಇದ್ದುಬಿಡು, ನಾನು ಸಾಕ್ತೇನೆ. ಕಟ್ಟೆ ಮಾತ್ರ ಹತ್ತಬೇಡ.'

'ಹತ್ತದೆ ಇದ್ದರೆ ಅವನು ಸತ್ತದ್ದು ಯಾತಕ್ಕೆ ಅಕ್ಕಾ?'

'ಅದನ್ನ ನೀನು ನನ್ನ ಕೇಳ್ತೀಯಾ?'

ಅವನಿಗೆ ಅರ್ಥವಾಗಲಿಲ್ಲ. ಕೆಟ್ಟವನಾಗಿದ್ದರೆ ಅರ್ಥವಾಗುತ್ತಿತ್ತೋ ಏನೋ.

ಮರುದಿನ ಬೆಳಿಗ್ಗೆ ಅವನು ಕಟ್ಟೆ ಹತ್ತಿದ. ಅವಳು ಕೆಳಗೇ ನಿಂತಳು, ಎರಡೂ ಕೈ ಸೆರಗಿನೊಳಗೆ. ಜನ ಅದನ್ನು ನೋಡಿದರು.

'ಕೈ ಎಲ್ಲಿ ತಾಯೀ?' ಅಂದ ಹಿರಿಯ.

ಅವಳು ಸೆರಗಿನಿಂದ ಕೈ ಹೊರಗೆ ತೆಗೆಯಲಿಲ್ಲ.

'ಹಾಗಾದರೆ ಕೇಳು. ನೀರು ಆವತ್ತೇ ಕೊಟ್ಟಾಗಿದೆ. ಪ್ರಶ್ನೆ ಅಲ್ಲೇ ನಿಂತಿದೆ.'

ಕೇಳದಿರಬಹುದಿತ್ತು. ಸೆರಗಿನೊಳಗಿಂದ ಒಂದು ಕೈ ಹೊರಗೆ ಬಂದಿದ್ದರೂ ಸಾಕಿತ್ತು. ಅವಳಿಗೆ ಗುಡ್ಡೆ ನೆನಪಿತ್ತು, ಗೋಡೆಯ ಸದ್ದು ನೆನಪಿತ್ತು, ಏನಾಗುತ್ತದೆ ಅಂತ ಚೆನ್ನಾಗಿಯೇ ಗೊತ್ತಿತ್ತು. ಆದರೆ ಕಿವಿಯೊಳಗೆ ಒಂದೇ ಕೂಗು ಸುತ್ತುತ್ತಿತ್ತು, ನನ್ನ ಮಾತು ನನಗೆ ವಾಪಸ್ ಕೊಡು.

'ನಿನ್ನ ನಾಲಿಗೆ ತಿದ್ದಿದವರು ಯಾರು?' ಅಂದಳು.

ಚಕ್ರದವನು ಅವಳನ್ನು ನೋಡಿದ. ಜನರನ್ನು ನೋಡಿದ. ಅವನ ಮುಖದಲ್ಲಿ ಹೆದರಿಕೆಯಿರಲಿಲ್ಲ, ಬಹಳ ದಿನದಿಂದ ಕಾದಿದ್ದುದು ಬಂದಾಗ ಇರುವಂಥ ಬೆಳಕಿತ್ತು. ಚಕ್ರ ತಿರುಗಿಸಿದ. ಅವು ಕಿರುಗುಟ್ಟುತ್ತ ಸುತ್ತಿ ನಿಂತವು. ಹಿರಿಮೆಗೆ ನಿಜ ಎದುರಾಗಿ ಬಂದಿತ್ತು.

'ದೇವರು' ಅಂದ.

ಕಲ್ಲುಗಳು ಗೋಡೆಯಿಂದ ಹೊರಬಂದವು. ಹಿರಿಯನದು ಮೊದಲು ಬಂತು, ಅದು ಅರ್ಧ ಹೊರಗೇ ಇತ್ತಲ್ಲ. ಉಪ್ಪಿನ ಗದ್ದೆಯವನೂ ತೆಗೆದ, ಅವನ ಹೆಂಡತಿಯೂ ತೆಗೆದಳು. ಬೆನ್ನಿಗೆ ಬೆನ್ನು ಮಾಡಿಕೊಂಡಿದ್ದ ಅಣ್ಣತಮ್ಮಂದಿರು ಹೆಗಲಿಗೆ ಹೆಗಲು ತಾಗಿಸಿ ನಿಂತರು. ತಾಯಂದಿರು ಮಕ್ಕಳ ಕೈಗೆ ಅವರವರ ಕಲ್ಲು ಹುಡುಕಿ ಕೊಟ್ಟರು. ಮೊದಲ ಕಲ್ಲು ತಾಮ್ರಕ್ಕೆ ಬಿದ್ದು ಗಂಟೆಯಂತೆ ಮೊಳಗಿತು. ಆಮೇಲಿನವು ಮೊಳಗಲಿಲ್ಲ.

ಅವಳು ಕಣ್ಣು ಮುಚ್ಚಲಿಲ್ಲ. ಮುಚ್ಚುವ ಹಕ್ಕು ತನಗಿಲ್ಲ ಅನ್ನಿಸಿತು.

ಎಲ್ಲರ ಕೈ ಖಾಲಿಯಾದ ಮೇಲೆ, ಎಲ್ಲರ ಬಾಯಿ ಮುಚ್ಚಿದ ಮೇಲೆ, ಅವಳು ಕೊಡದಲ್ಲಿ ನೀರು ತಂದಳು. ಅವನಿನ್ನೂ ಉಸಿರಾಡುತ್ತಿದ್ದ. ತಲೆಯೆತ್ತಿ ತೊಡೆಯ ಮೇಲಿಟ್ಟುಕೊಂಡು ತುಟಿಗೆ ನೀರು ಹನಿಸಿದಳು. ಕುಡಿದ. ಅವನ ಬೆರಳು ಮೆಲ್ಲಗೆ ತುಟಿಯವರೆಗೆ ಹೋಯಿತು, ಒಂದು ಹನಿಯನ್ನು ತೆಗೆದು ನೆಲಕ್ಕೆ ಚಿಮುಕಿಸಿತು.

'ಬಾವಿ ಬತ್ತದಿರಲಿ' ಅಂದ. ಉಳಿದರ್ಧ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ತೆರೆದು ಅವಳನ್ನು ಹುಡುಕಿದ.

'ಅಕ್ಕಾ, ಅವನ ಹೆಸರೇನು?'

ಅವಳು ಅತ್ತಳು. ಬಾಯಲ್ಲಿ ವರ್ಷಗಳಿಂದ ಇಟ್ಟುಕೊಂಡದ್ದನ್ನು ಬಗ್ಗಿ ಅವನ ಕಿವಿಯಲ್ಲಿ ಹೇಳಿದಳು. ಆ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ, ನನಗದನ್ನು ಯಾರೂ ಕೊಟ್ಟಿಲ್ಲ. ಚಕ್ರದವನು ಮಾತ್ರ ಹೇಳಿದ. ಗಟ್ಟಿಯಾಗಿ, ಊರಿಗೆಲ್ಲ ಕೇಳುವ ಹಾಗೆ, ಆ ಹುಡುಗ ಚಿಕ್ಕಂದಿನಲ್ಲಿ ಬಾಗಿಲಾಚೆಯಿಂದ ತನ್ನ ಹೆಸರು ತಾನೇ ಕೂಗಿಕೊಂಡು ಮನೆಗೆ ಬರುತ್ತಿದ್ದನಲ್ಲ, ಹಾಗೇ ಹೇಳಿದ.

ಹೆಸರು ಬಂದಾಗಿತ್ತು. ಕಟ್ಟಳೆ ಪೂರ್ತಿಯಾಗಿತ್ತು. ಈಗ ಅವನ ಹೆಗಲ ಮೇಲೆ ಕೈಯಿಟ್ಟು, ಅವನದೊಂದು ಕಲ್ಲನ್ನು ಗೋಡೆಗೆ ಸೇರಿಸಬೇಕು. ಹಿರಿಯ ಏನೋ ಹೇಳಲು ಬಾಯಿ ತೆರೆದ, ಎಸೆದವನ ಬಾಯಿ ಅಂತ ನೆನಪಾಗಿ ಮುಚ್ಚಿಕೊಂಡ. ಜನ ತಮ್ಮ ತಮ್ಮ ಅಂಗೈ ನೋಡಿಕೊಂಡರು. ಎದುರಿಗೆ ಗೋಡೆಯಿರಲಿಲ್ಲ. ಎರಡೇ ಕಲ್ಲು ಒಂದಕ್ಕೊಂದು ಒರಗಿಕೊಂಡು ಉಳಿದಿದ್ದವು.

ಹಡಗಿನವರು ಬಂದು ಅವನನ್ನು ಹೊತ್ತುಕೊಂಡು ಹೋದರು. ತನ್ನ ಊರಿನ ಬೆಟ್ಟ ಕಣ್ಣಿಗೆ ಬೀಳುವ ಹೊತ್ತಿಗೆ ಸತ್ತ ಅಂತ ಹೇಳುತ್ತಾರೆ. ಅಲ್ಲಿ ಅವನನ್ನು ಕೈಯಲ್ಲಿ ಚಕ್ರ ಹಿಡಿಸಿ ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ ಅಂತಲೂ ಹೇಳುತ್ತಾರೆ. ನಿಲ್ಲಿಸಿರಬಹುದು. ಅಲ್ಲಿಯೂ ಕಲ್ಲಿಗೇನು ಬರವಿಲ್ಲ.

ಸಂಜೆ ಅವಳು ತಮ್ಮನ ಕಲ್ಲನ್ನು ಎತ್ತಿ ಕಡಲಿಗೆ ಕೊಟ್ಟಳು. ತಿರುಗಿ ಬಂದು ಬಾಗಿಲಲ್ಲಿ ಕೂತಳು. ಅಷ್ಟರಲ್ಲಿ ಊರೆಲ್ಲ ಅಲ್ಲಿ ನೆರೆದಿತ್ತು. ಎಲ್ಲರ ಕೈಯಲ್ಲೂ ದಂಡೆಯಿಂದ ಆರಿಸಿದ ಹೊಸ ಕಲ್ಲು, ಮುಂದೆ ಹಿರಿಯ, ಹಿಂದೆ ಮಕ್ಕಳು. ಅವಳ ತಾಯಿಯ ಕಾಲದಲ್ಲಿ ಒಮ್ಮೆ ಹೀಗಾಗಿತ್ತು. ತಾಯಿ ಅದೇ ಸಂಜೆ ಎಲ್ಲರನ್ನೂ ಕೇಳಿ, ಎಲ್ಲರ ಬಾಯಿ ಬಿಡಿಸಿ, ಮನೆಗೆ ಬಂದು ಗಂಜಿ ಕುಡಿದು ಮಲಗಿದ್ದಳು.

ಅವಳು ಹಿರಿಯನಿಗೆ ನೀರು ಕೊಟ್ಟಳು. ಅವನು ಕುಡಿದು ಬಾಯಿ ಒರೆಸಿಕೊಂಡು ಕಾದ. ಅವಳು ಅವನ ಬೆರಳನ್ನು ನೋಡುತ್ತಿದ್ದಳು. ಆ ಬೆರಳಿಗೆ ಕೊನೆಯ ಹನಿಯನ್ನು ಏನು ಮಾಡಬೇಕು ಅಂತ ಗೊತ್ತಿರಲಿಲ್ಲ. ಹಿಂದಿನವನಿಗೆ ಕೊಟ್ಟಳು, ಅವನ ಹಿಂದಿನವಳಿಗೆ ಕೊಟ್ಟಳು. ಸೆರಗಿನೊಳಗೇ ಇರಿಸಿಕೊಂಡಿದ್ದ ಆ ಕೈ ಈಗ ಕೊಡ ಬಗ್ಗಿಸುವಾಗ ನಡುಗುತ್ತಿತ್ತು. ಮೊದಲು ಕೇಳಬೇಕಾದದ್ದು ತನ್ನನ್ನೇ ಅಂತ ಅವಳಿಗೆ ಗೊತ್ತಿತ್ತು, ತನ್ನನ್ನು ಕೇಳುವವರು ಯಾರೂ ಇಲ್ಲ ಅಂತಲೂ ಗೊತ್ತಿತ್ತು.

ಆ ಕಡೆ ಹಾಯುವ ಹಡಗಿನವರು ಈಗಲೂ ಹೇಳುತ್ತಾರೆ. ಆ ಊರಲ್ಲಿ ಒಲೆಯ ಹೊಗೆ ಏಳುತ್ತದೆ, ದೋಣಿಗಳು ಹೋಗುತ್ತವೆ ಬರುತ್ತವೆ, ಹುಟ್ಟಿದ ಮಕ್ಕಳು ಸದ್ದಿಲ್ಲದೆ ದೊಡ್ಡವರಾಗುತ್ತಾರೆ. ದಿನಾ ಬಾಗಿಲಿನ ಮುಂದೆ ಕಲ್ಲು ಹಿಡಿದ ಜನ ಸಾಲಾಗಿ ನಿಂತಿರುತ್ತಾರೆ. ಅವಳು ಒಬ್ಬೊಬ್ಬರಿಗೂ ನೀರು ಕೊಡುತ್ತಾಳೆ. ಅವರು ಕುಡಿದು ಅವಳ ಬಾಯಿಯನ್ನೇ ನೋಡುತ್ತ ನಿಲ್ಲುತ್ತಾರೆ.

ಅವಳು ಇನ್ನೂ ಕೇಳಿಲ್ಲ.